ಕೊನೆಯ ಸ್ಟಾಪಿನ ಅಕ್ಕತಂಗಿಯರು

ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತರೂ ಡ್ರೈವರು ಸೀಟು ಬಿಟ್ಟು ಏಳಲಿಲ್ಲ. ನಿವೃತ್ತರಾಗಿ ಒಂಬತ್ತು ದಿನವಾಗಿತ್ತು, ಇವತ್ತು ಪ್ರಯಾಣಿಕರ ಸೀಟಿನಲ್ಲಿ ಕೂತು ಬಂದಿದ್ದರು. ಹೆಂಡತಿ ಆಗಲೇ ಇಳಿದು ಕೆಳಗೆ ನಿಂತು, ಮೊದಲು ಅಕ್ಕತಂಗಿಯರ ಮನೆಗೇ ಹೋಗೋಣ ಎಂದು ಕರೆಯುತ್ತಿದ್ದಳು. ಅವಳ ಕೈಯಲ್ಲಿ ತಾನೇ ಹೊಲಿದ ಮೂರು ಚೀಲಗಳಿದ್ದವು. ದೊಡ್ಡವಳಿಗೆ ಆಡಂಬರ ಹಿಡಿಸುವುದಿಲ್ಲವೆಂದು ಬೂದು ಬಣ್ಣದ್ದು, ನಡುವಿನವಳು ಸದಾ ಬೀಗದ ಕೈ ಕಳೆದುಕೊಳ್ಳುತ್ತಾಳೆಂದು ಐದು ಜೇಬಿನದ್ದು, ಚಿಕ್ಕವಳಿಗೆ ಕೆಂಪು ಹೂವಿನದ್ದು. ಕಷ್ಟವೆಂದರೆ, ಆ ಅಕ್ಕತಂಗಿಯರು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಊರಿನ ಅಂಚಿನ ಈ ಬಡಾವಣೆಗೆ ಅವರು ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದರು. ಇಲ್ಲಿ ಬಂದು ನಿಂತರೆ ಮತ್ತೆ ಹೊರಡಲು ಏಳು ನಿಮಿಷ ಬಿಡುವು. ಆ ಏಳು ನಿಮಿಷವೂ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಅತ್ತ ಮನೆಯಲ್ಲಿ ಹೆಂಡತಿಗೆ ಹೊಲಿಗೆ ಯಂತ್ರ ಬಿಟ್ಟು ಏಳಲು ಪುರುಸೊತ್ತಿಲ್ಲ. ಸಂಜೆ ಗಂಡ ಬಂದರೆ ಅವಳಿಗೆ ಹೊರಗಿನ ಸುದ್ದಿ ಬೇಕು. ಮುಂದಿನ ಗಾಡಿಗಳ ಹಿಂಭಾಗ ಬಿಟ್ಟು ಇನ್ನೇನೂ ನೋಡಿಲ್ಲ ಎನ್ನಲು ಮನಸ್ಸು ಬಾರದೆ, ಒಂದು ದಿನ ಡ್ರೈವರು ಕೊನೆಯ ಸ್ಟಾಪಿನಲ್ಲಿ ಮೂವರು ಅಕ್ಕತಂಗಿಯರು ಬಟ್ಟೆ ಒಣಹಾಕುವ ಹಗ್ಗಕ್ಕಾಗಿ ಜಗಳವಾಡಿದರು ಎಂದು ಹೇಳಿಬಿಟ್ಟರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಇನ್ನೊಮ್ಮೆ ನೋಡುವ ಆಸೆಗೆ ಮರುದಿನವೂ ಏನೋ ಹೇಳಿದರು. ಹೀಗೆ ಹಗಲೆಲ್ಲ ಬಸ್ಸು ಓಡಿಸಿ ಸಂಜೆ ಮನೆಯಲ್ಲಿ ರೈಲು ಬಿಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

ಬೇರೆ ದಾರಿಯಿಲ್ಲದೆ ಇಳಿದು, ಎಲ್ಲ ಬಲ್ಲವರಂತೆ ಮುಂದೆ ನಡೆದರು. ಬಲಗಡೆಯ ಓಣಿಗೆ ಹೊರಳುವಾಗ, ಬೆನ್ನ ಹಿಂದೆ ಇನ್ನೂ ಬಸ್ಸು ಇದೆಯೇನೋ ಎಂಬಂತೆ ರಸ್ತೆಯ ಎಡತುದಿಯವರೆಗೂ ಹೋಗಿ ಅಗಲವಾಗಿ ತಿರುಗಿದರು. ಹೆಂಡತಿಯ ಖುಷಿಗಂತೂ ಎಣೆಯಿರಲಿಲ್ಲ. ಬಣ್ಣದ ಖಾಲಿ ಡಬ್ಬಿಗಳಲ್ಲಿ ಬೆಳೆದ ಗಿಡಗಳು, ಕಾರಿನ ಷೆಡ್ಡಿನಲ್ಲಿ ನಡೆಯುವ ಕ್ಷೌರದಂಗಡಿ, ಮೆಟ್ಟಿಲು ಕಟ್ಟಿ ಮಹಡಿ ಕಟ್ಟದೆ ಬಿಟ್ಟ ಮನೆ, ಆ ಮೆಟ್ಟಿಲುಗಳ ತುದಿಯಲ್ಲಿ ಆರಾಮವಾಗಿ ಕೂತು ಪೇಪರ್ ಓದುವ ತಾತ, ಎಲ್ಲದರ ಮುಂದೆಯೂ ಅವಳು ನಿಂತಳು. ಇಂಥ ಜಾಗಕ್ಕೆ ಇಷ್ಟು ವರ್ಷ ಕರೆತರಲಿಲ್ಲವಲ್ಲ ಎಂದು ದೂರಿದಳು. ಡ್ರೈವರಿಗೂ ಎಲ್ಲ ಹೊಸದೇ ಎಂದು ಅವಳಿಗೇನು ಗೊತ್ತು? ಮೂರನೇ ತಿರುವಿನಲ್ಲಿ ಅವರು ರಸ್ತೆಯ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದುತ್ತ ನಿಂತದ್ದನ್ನು ಕಂಡಾಗ ಅವಳಿಗೆ ಅನುಮಾನ ಬಂತು.

“ರೀ, ಅವರ ಮನೆ ಯಾವುದು?”

ಡ್ರೈವರು ಬೋರ್ಡಿನಿಂದ ಕಣ್ಣು ತೆಗೆಯದೆ ಹೇಳಿದರು, “ಯಾವುದೂ ಇಲ್ಲ. ಅಕ್ಕತಂಗೀರೇ ಇಲ್ಲ. ಎಲ್ಲ ನಾನೇ ಕಟ್ಟಿ ಹೇಳಿದ್ದು.”

ಅವಳು ಚೀಲಗಳನ್ನು ಎದೆಗೊತ್ತಿಕೊಂಡು ಯಾರದೋ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಕೆಂಪು ಹೂವಿನದ್ದನ್ನು ಸವರುತ್ತ, “ಚಿಕ್ಕೋಳಿಗೆ ಜ್ವರ ಬಂದಿದ್ದು?” ಎಂದಳು.

“ಅವತ್ತು ಹೇಳೋಕೆ ಬೇರೇನೂ ಹೊಳೀಲಿಲ್ಲ.”

“ಎರಡು ದಿನ ನನಗೆ ಊಟ ಸೇರಿರಲಿಲ್ಲ.”

ಡ್ರೈವರಿಗೆ ತಲೆಯೆತ್ತಲಾಗಲಿಲ್ಲ. ಇಷ್ಟು ವರ್ಷ ಯಾರಿಗೂ ಬಸ್ಸು ತಾಗಿಸದ ತಾನು ಇವತ್ತು ಮನೆಯವಳ ಮೇಲೆಯೇ ಹತ್ತಿಸಿಬಿಟ್ಟೆ ಅನ್ನಿಸಿತು. ಅವಳು ಎದ್ದು, ಬಂದ ದಾರಿಯಲ್ಲೇ ನಡೆದಳು. ಅವರು ಹಿಂದೆ ಹಿಂದೆ ಹೋದರು.

ಸ್ಟಾಪಿನ ಬೆಂಚಿನ ಮೇಲೆ ಮೂವರು ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು. ತಲೆ ಪೂರ್ತಿ ನರೆತ ಒಬ್ಬರು, ಡ್ಯೂಟಿಗೆ ಹೊರಟ ನರ್ಸ್ ಒಬ್ಬರು, ಕಾಲೇಜಿನ ಹುಡುಗಿ ಒಬ್ಬಳು. ಒಬ್ಬರ ಗುರುತು ಇನ್ನೊಬ್ಬರಿಗಿರಲಿಲ್ಲ. ಹೆಂಡತಿ ನೇರ ಅವರೆದುರು ಹೋಗಿ ನಿಂತಳು.

“ನಿಮ್ಮಲ್ಲಿ ಬೀಗದ ಕೈ ಕಳ್ಕೊಳ್ಳೋರು ಯಾರು?”

ನರ್ಸ್ ಗಾಬರಿಯಾಗಿ ಎದ್ದರು. “ನಾನೇ. ನಿಮಗೆ ಸಿಕ್ತಾ?”

ಐದು ಜೇಬಿನ ಚೀಲ ಅವರ ಕೈ ಸೇರಿತು. ಇವು ಇಲ್ಲಿನ ಮೂವರು ಅಕ್ಕತಂಗಿಯರಿಗೆಂದೇ ಹೊಲಿದವು, ವಾಪಸ್ಸು ಒಯ್ಯುವ ಹಾಗಿಲ್ಲ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದಳು. ಬೂದು ಚೀಲವನ್ನು ಮುಂದೆ ಚಾಚುವಷ್ಟರಲ್ಲಿ ನರೆತ ತಲೆಯವರು ಕೆಂಪು ಹೂವಿನದ್ದನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡಾಗಿತ್ತು. ಅದು ತನ್ನ ವಯಸ್ಸಿನದ್ದೆಂದು ಹುಡುಗಿ ತಕರಾರು ತೆಗೆದಳು. ವಯಸ್ಸಿಗೂ ಹೂವಿಗೂ ಏನು ಸಂಬಂಧ ಎಂದು ಹಿರಿಯರು ಸುತರಾಂ ಬಿಡಲಿಲ್ಲ. ನರ್ಸ್ ನಡುವೆ ಬಂದು ತೀರ್ಪು ಕೊಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು. ಹೆಂಡತಿ ನಗತೊಡಗಿದಳು, ಬಸ್ಸು ಬಂದು ಮೂವರೂ ಹತ್ತಿ ಹೋಗುವವರೆಗೂ ನಗುತ್ತಲೇ ಇದ್ದಳು. ಡ್ರೈವರಿಗೆ ಹೋದ ಜೀವ ಬಂದಂತಾಯಿತು.

ಆದರೂ ಗಂಡನೊಡನೆ ಅವಳು ಮಾತಾಡಲಿಲ್ಲ. ಉಳಿದ ಓಣಿಗಳನ್ನೂ ಬಿಡದೆ ಸುತ್ತಿಸಿ, ಆಮೇಲೆ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ಹತ್ತು ನಿಮಿಷವಾದ ಮೇಲೆ ಬಾಯಿ ಬಿಟ್ಟಳು.

“ಆ ದೊಡ್ಡೋರು ಇದಾರಲ್ಲ, ಅರವತ್ತು ದಾಟಿದ ಮೇಲೆ ಈಜು ಕಲೀತಿದಾರಂತೆ, ಮಗನಿಗೆ ಗೊತ್ತಿಲ್ಲದ ಹಾಗೆ. ಒದ್ದೆ ಟವೆಲ್ ಕಣ್ಣಿಗೆ ಬೀಳಬಾರದು ಅಂತ ಪಕ್ಕದ ಮನೆ ಮಹಡಿ ಮೇಲೆ ಒಣಗಿಸ್ತಾರಂತೆ.”

ಸ್ಟಾಪಿನಲ್ಲಿ ಚೀಲ ಹಂಚುವಾಗ ಡ್ರೈವರು ಎರಡು ಮಾರು ದೂರದಲ್ಲೇ ನಿಂತಿದ್ದರು. ಆ ಹಿರಿಯರು ಚೀಲದ ಮಾತು ಬಿಟ್ಟು ಬೇರೊಂದು ಮಾತೂ ಆಡಿರಲಿಲ್ಲ. ಹೆಂಡತಿಯ ಕಡೆ ತಿರುಗಿ ನೋಡಿದರು. ಅವಳು ಅಷ್ಟಕ್ಕೇ ನಿಲ್ಲಿಸಿ, ಗಂಭೀರವಾಗಿ ಹೊರಗೆ ನೋಡುತ್ತಿದ್ದಳು.

ಒಂದು ಸ್ಟಾಪು ಹೋಯಿತು. ಇನ್ನೊಂದೂ ಹೋಯಿತು. ಡ್ರೈವರಿಗೆ ತಡೆಯಲಾಗಲಿಲ್ಲ.

“ಮಗನಿಗೆ ಗೊತ್ತಾಗಿಬಿಡ್ತಾ?”