ಬೆಟ್ಟದ ಎಡಮಗ್ಗುಲು

ಆಕಾಶದಿಂದ ಸುರಿಯುವ, ಕಣ್ಣಿಗೆ ಕಾಣದ ಕಣಗಳು ಜ್ವಾಲಾಮುಖಿಯನ್ನು ತೂರಿ ಬಂದು, ಅದರ ಒಡಲನ್ನು ಎಕ್ಸ್‌ರೇಯಂತೆ ಫಿಲ್ಮಿನ ಮೇಲೆ ಮೂಡಿಸಿದ್ದವು. ಎಡಮಗ್ಗುಲು ಟೊಳ್ಳಾಗಿತ್ತು.

"ಬೆಟ್ಟ ಒಡೆಯೋದು ಆ ಕಡೇನೇ," ಎಂದು ವಿಜ್ಞಾನಿ ಇನ್‌ಸ್ಪೆಕ್ಟರಿಗೆ ಹೇಳಿದಳು. "ಸಂಜೆಯೊಳಗೆ ಅಲ್ಲಿನ ಊರು ಖಾಲಿ ಮಾಡಿಸಿ."

ಪೊಲೀಸರು ಬಾಗಿಲು ಮುರಿದರು. ಕಂಬ ತಬ್ಬಿಕೊಂಡ ಮುದುಕಿಯ ಬೆರಳುಗಳ ಮೇಲೆ ಲಾಠಿ ಬೀಸಿದರು. ಕಲ್ಲೆಸೆದವನ ತಲೆ ಒಡೆದರು. ಎಲ್ಲರನ್ನೂ ಲಾರಿಗಳಿಗೆ ತುಂಬಿ ಬಲಮಗ್ಗುಲಿನ ಊರಿಗೆ ತಂದು ಇಳಿಸಿದರು.

"ಅಲ್ಲಿ ಒಬ್ರೂ ಉಳಿದಿಲ್ಲ ಮೇಡಂ," ಎಂದ ಇನ್‌ಸ್ಪೆಕ್ಟರ್, ಕೈಗಂಟಿದ ರಕ್ತ ಒರೆಸಿಕೊಳ್ಳುತ್ತ. "ಎಲ್ಲಿ, ಆ ಟೊಳ್ಳು ನಂಗೂ ತೋರಿಸಿ."

ಕಾಲಡಿಯ ನೆಲ ನಡುಗಿತು. ಅವಳು ಬೆಳಗ್ಗೆ ನೋಡಿದ ಹಾಗೆಯೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇಲ್ನೋಡಿ, ಎಡಕ್ಕೆ."

"ಮೇಡಂ, ಮೂಲೇಲಿರೋ ನಂಬರು ಯಾಕೆ ಕನ್ನಡೀಲಿ ಕಂಡ ಹಾಗೆ ಉಲ್ಟಾ ಇದೆ?"