ನಿಂಬೆಗಿಡಗಳ ನಡುವೆ ಓಟ

"ಓಡು!" ಎಂದಳು ನೀಲವ್ವ.

ಪವಿ ತಿರುಗಿ ನೋಡಿದಳು. ಕುಂಡಗಳಲ್ಲಿ ಸಾಲಾಗಿ ನಿಂತ ನಿಂಬೆಗಿಡಗಳ ಆಚೆಯಿಂದ, ಹಸಿರು ಏಪ್ರನ್ ತೊಟ್ಟ ಬಿಳಿಗಡ್ಡದ ಜರ್ಮನ್ ತೋಟಗಾರನೊಬ್ಬ ಕೈಬೀಸುತ್ತ ದಾಪುಗಾಲು ಹಾಕಿ ಬರುತ್ತಿದ್ದ. ಅಷ್ಟರಲ್ಲಿ ಅವ್ವ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲು ಇಳಿದಾಗಿತ್ತು. ಜಮಖಂಡಿಯ ನಿವೃತ್ತ ಪಿ.ಟಿ. ಟೀಚರ್; ಓಟ ಅವಳಿಗೆ ಹೊಸದಲ್ಲ.

ಮಗಳು ಏದುಸಿರು ಬಿಡುತ್ತ ಹಿಂದೆ ಓಡಿದಳು. ಆಲಿವ್ ಮರದಡಿ ತೂಕಡಿಸುತ್ತಿದ್ದ ದಂಪತಿ ಬೆಚ್ಚಿ ಎದ್ದು ಕೂತರು.

ಪವಿಗೆ ಎಲ್ಲ ಅರ್ಥವಾಯಿತು. ಗಿಡ ಕಂಡರೆ ಅವ್ವನ ಕೈ ಸುಮ್ಮನಿರುವುದಿಲ್ಲ. ಊಟಿಯ ಗುಲಾಬಿ, ಬೆಳಗಾವಿಯ ಬೀಗರ ಮನೆಯ ದಾಸವಾಳ, ಎಲ್ಲದರ ಟೊಂಗೆಯೂ ಜಮಖಂಡಿಯ ಅಂಗಳ ಸೇರಿದೆ. ಸ್ಟುಟ್‌ಗಾರ್ಟ್‌ಗೆ ಬಂದವಳು ಫ್ಲ್ಯಾಟ್‌ನಲ್ಲಿ ಬೇಸರವೆಂದಾಗ, ಫೊಯರ್‌ಬಾಕ್‌ನ ಆಫೀಸಿಗೆ ಹೋಗುವ ದಾರಿಯಲ್ಲಿ ಪವಿ ಅವಳನ್ನು ಈ ಮೆಡಿಟರೇನಿಯನ್ ತೋಟದಲ್ಲಿ ಇಳಿಸತೊಡಗಿದಳು. ಈಚೆಗೆ ಅವ್ವ ಭಾನುವಾರವೂ ಇಲ್ಲಿಗೇ ಹೊರಡುತ್ತಿದ್ದಳು. ದಿನವಿಡೀ ಒಬ್ಬಳೇ ಇದ್ದವಳ ಗಂಟಲು ಸಂಜೆಗೆ ಕಟ್ಟಿರುತ್ತಿತ್ತು. ಹೂವಿನ ಪರಾಗದ ಅಲರ್ಜಿಯಿರಬೇಕೆಂದು ಪವಿ ಮಾತ್ರೆ ತಂದುಕೊಟ್ಟಿದ್ದಳು. ಇವತ್ತು ಅರ್ಧ ದಿನ ರಜೆ ಹಾಕಿ, ಹೇಳದೆ ಬಂದು ಎದುರು ನಿಂತರೆ ಅವ್ವನ ಮುಖವೇ ಬಿಳಿಚಿಕೊಂಡಿತ್ತು.

ಸೈಪ್ರೆಸ್ ಮರಗಳ ಮರೆಯಲ್ಲಿ ಇಬ್ಬರೂ ಕುಕ್ಕರಿಸಿದರು.

"ಖರೇ ಹೇಳು ಯವ್ವಾ. ಏನ್ ಕದ್ದಿ?"

"ನಾ ಏನೂ ಕದ್ದಿಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳು ಹೀಗೆ ನಕ್ಕದ್ದನ್ನು ಪವಿ ನೋಡಿರಲಿಲ್ಲ.

ಅವ್ವನ ಹೆಗಲ ಚೀಲ ಕಿತ್ತುಕೊಂಡು ತೆರೆದಳು. ಖಾಲಿ ಬುತ್ತಿ ಡಬ್ಬಿ, ಎರಡು ಚಮಚ. ಟೊಂಗೆಯಿಲ್ಲ, ಎಲೆಯೂ ಇಲ್ಲ.

"ಮತ್ತ್ಯಾಕ ಓಡಿದಿ?"

"ನಿನ್ನ ಮುಂದ ಸಿಕ್ಕಿಬೀಳಬಾರದು ಅಂತ."

"ನಗಬ್ಯಾಡ! ಇಲ್ಲೆ ಪೊಲೀಸರನ್ನ ಕರೀತಾರ. ಇನ್ನೊಮ್ಮೆ ನಿನಗ ವೀಸಾನ ಕೊಡಂಗಿಲ್ಲ."

ನಗು ತಟ್ಟನೆ ನಿಂತಿತು. "ಹಂಗನಬ್ಯಾಡವಾ," ಎಂದು ಅವ್ವ ಮಗಳ ಕೈ ಹಿಡಿದಳು. "ನಾ ಮತ್ತ ಬರಬೇಕು."

ಜಲ್ಲಿಯ ಮೇಲೆ ಬೂಟಿನ ಸದ್ದು. ಪವಿ ಎದ್ದು ನಿಂತು, ಉಸಿರು ಬಿಡದೆ ಜರ್ಮನ್‌ನಲ್ಲಿ ಬೇಡಿಕೊಂಡಳು: ಅಮ್ಮನಿಗೆ ವಯಸ್ಸಾಗಿದೆ, ಇಲ್ಲಿಯ ನಿಯಮ ತಿಳಿಯದು, ತಪ್ಪೆಲ್ಲ ನನ್ನದು, ಈ ಸಲ ಬಿಟ್ಟುಬಿಡಿ.

ಆತ ಕೈಗವಸು ಕಳಚಿದ. ಅವನ ಮುಖ ಕಿವಿಯವರೆಗೂ ಕೆಂಪೇರಿತ್ತು. ಅವ್ವನನ್ನೊಮ್ಮೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಗಂಟಲು ಸರಿಪಡಿಸಿಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಂದೊಂದೇ ಕನ್ನಡ ಮಾತು ಹೆಕ್ಕಿ ಆಡಿದ:

"ನಮಸ್ಕಾರ್ರೀ ಪವಿ. ನಿಮ್ಮವ್ವಾರು ನಿನ್ನೆ ಹೂಂ ಅಂದಾರ. ನೀವೂ ಹೂಂ ಅಂದ್ರ, ಅವರದು ನಂದು ಲಗ್ನ ಜಮಖಂಡಿಯೊಳಗ!"