ಎತ್ತಿದ ಕೈ

ಮರ ರಕ್ಷಣಾ ಕಚೇರಿಯ ಅಧಿಕಾರಿ ಬಿದ್ದ ಕೊಂಬೆಗೆ ಮೂರು ಸುತ್ತು ಬಂದು, ಕಡಿದ ಕಡೆ ಟೇಪು ಹಿಡಿದು ಅಳೆದು, "ಇದನ್ನ ಇಳಿಸಿದ ಕೈ ಯಾರದು?" ಎಂದರು. ಮರ ಹತ್ತುವವನು ತನ್ನ ಬಲಗೈ ಎತ್ತಿದ. ಮೇಸ್ತ್ರಿ ತನ್ನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಊಟದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಇಬ್ಬರನ್ನೂ ನೋಡಿದಳು. ಕೈ ಎತ್ತಿದವನು ಗಂಡ. ತುರುಕಿದವನು ಒಡಹುಟ್ಟಿದ ಅಣ್ಣ.

ಆದದ್ದು ಇಷ್ಟು. ಬೀದಿಯಲ್ಲಿ ಎರಡು ಮರಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಬಲಗಡೆಯದನ್ನು ಸವರಲು ಅವರ ಕಂಪನಿಗೆ ಅನುಮತಿ ಇತ್ತು. ಎಡಗಡೆಯದರ ಬೊಡ್ಡೆಗೆ ಹಿತ್ತಾಳೆಯ ಫಲಕವಿದೆ. ಕಚೇರಿಯ ಮೊಹರಿಲ್ಲದೆ ಅದರ ಒಂದು ಕಡ್ಡಿ ಮುರಿದರೂ ಅಪರಾಧ. ನಾಲ್ಕು ದಿನದ ಹಿಂದೆ ಅವಳ ಗಂಡ ಬಲಗಡೆಯ ಮರದಲ್ಲಿ ಹಗ್ಗಕ್ಕೆ ಜೋತು ಕೂತಲ್ಲಿಂದಲೇ ಕೈಚಾಚಿ, ಎಡಗಡೆಯದರ ತೊಡೆಗಾತ್ರದ ಕೊಂಬೆಯೊಂದನ್ನು ಬೆಣ್ಣೆ ಕೊಯ್ದಷ್ಟು ನಯವಾಗಿ ಇಳಿಸಿದ್ದ. ಮರುದಿನವೇ ಕಂಪನಿ ಪತ್ರ ಬರೆದು ಜಾರಿಕೊಂಡಿತು: ಯಾರ ಆದೇಶವೂ ಇಲ್ಲದೆ ನೌಕರ ಸ್ವಂತ ಬುದ್ಧಿಯಿಂದ ಮಾಡಿದ್ದು, ಹೊಣೆ ಪೂರ್ತಿ ಅವನದು. ಅದು ನಿಜವೆಂದು ಅಧಿಕಾರಿ ಬರೆದರೆ ಮರ ಹತ್ತುವ ಲೈಸೆನ್ಸ್ ಹೋಗುತ್ತದೆ. ಅವನು ನೆಲದ ಮೇಲೆ ಉಳಿಯುತ್ತಾನೆ. ನೆಲದ ಮೇಲೆ ಅವನಿಗೆ ಏನೂ ಬಾರದೆಂಬುದು ಅವಳಿಗೆ ಗೊತ್ತು. ಚಿಲಕ ಸರಿಮಾಡಲು ಹೋಗಿ ಬಾಗಿಲನ್ನೇ ಕೈಗೆ ತಂದುಕೊಂಡ ಮನುಷ್ಯ.

"ಹನ್ನೊಂದು ವರ್ಷದಲ್ಲಿ ಸ್ವಂತ ಬುದ್ಧಿ ಉಪಯೋಗಿಸಿದ್ದೇ ಇಲ್ಲ ಸಾರ್," ಎಂದ ಗಂಡ. "ಬೇಕಾದ್ರೆ ಭಾವನ್ನೇ ಕೇಳಿ. ಗರಗಸ ಓಡ್ತಿರುತ್ತೆ, ಕಿವಿಗೆ ಮುಚ್ಚಳ ಇರುತ್ತೆ, ಏನೂ ಕೇಳ್ಸಲ್ಲ. ಭಾವ ಕೆಳಗಿಂದ ಕೈ ತೋರಿಸ್ತಾರೆ, ನಾನು ಕಡೀತೀನಿ. ಅವತ್ತು ಎಡಕ್ಕೆ ತೋರಿಸಿದ್ರು."

ಮೇಸ್ತ್ರಿ ತಾನು ಏನನ್ನೂ ತೋರಿಸಿಲ್ಲವೆಂದ. ಆ ಹೊತ್ತಿಗೆ ತಾನು ಫೋನಿನಲ್ಲಿದ್ದೆ, ಬೇಕಾದರೆ ತಂಗಿಯನ್ನೇ ಕೇಳಿ ಎಂದ. ಹೇಳಿದ ಮೇಲೆ, ತಂಗಿಯ ಮಾತು ಎತ್ತಬಾರದಿತ್ತು ಎಂದು ಅವನಿಗೆ ಹೊಳೆದಂತಿತ್ತು.

ಅವಳು ಇದ್ದದ್ದನ್ನು ಹೇಳಿದಳು. ಅವತ್ತು ಊಟ ತರುವಾಗ ದಿನದ ದಾರಿ ಅಗೆದುಹಾಕಿದ್ದರು. ಅಣ್ಣನಿಗೆ ಫೋನು ಮಾಡಿ ಬೇರೆ ದಾರಿ ಕೇಳಿದಳು. ಅವನು ಎಡಕ್ಕೆ ಬಾ, ಇನ್ನೂ ಎಡಕ್ಕೆ ಬಾ ಎಂದು ಮೂರು ಸಲ ಹೇಳಿದ.

"ಅವರು ಕೈ ತೋರಿಸಿದ್ದನ್ನ ನೀವು ನೋಡಿದ್ರಾ?"

"ಫೋನಲ್ಲಿ ಹೇಗೆ ನೋಡ್ಲಿ ಸಾರ್? ಆದ್ರೆ ನಮ್ಮಣ್ಣ ಕೈಯಾಡಿಸದೆ ದಾರಿ ಹೇಳಿದ್ದನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ."

ಅಣ್ಣ ಅವಳನ್ನು ನುಂಗುವಂತೆ ನೋಡಿದ. ಅವಳು ಡಬ್ಬಿಯ ಮುಚ್ಚಳ ನೋಡಿದಳು. ಅಧಿಕಾರಿಗೆ ನಗು ಬಂತು.

"ಫೋನಿನ ಆಚೆಗೆ ಇರೋರಿಗೆ ಯಾರಾದ್ರೂ ಕೈ ತೋರಿಸ್ತಾರೇನಮ್ಮ? ತಲೆ ನೆಟ್ಟಗಿರೋರು?"

ಆದರೂ ಅವರು ನ್ಯಾಯವಂತರು. ಮೇಲೆ ಏನೂ ಕೇಳಿಸದೆಂಬುದಾದರೂ ನಿಜವೋ ಸುಳ್ಳೋ ನೋಡಿಯೇಬಿಡುವ ಎಂದರು. ಅವನು ಅದೇ ಮರ ಹತ್ತಬೇಕು, ಅದೇ ಜಾಗದಲ್ಲಿ ಕೂರಬೇಕು, ಕಿವಿಗೆ ಮುಚ್ಚಳ ಹಾಕಿ ಗರಗಸ ಓಡಿಸಬೇಕು. ಅವತ್ತು ಹೇಗಿತ್ತೋ ಹಾಗೇ, ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಆಗಬಾರದು.

ಅವನು ಹತ್ತಿದ. ಮದುವೆಯಾದಾಗಿನಿಂದ ಅವನು ಹತ್ತುವಾಗ ಅವಳು ಉಸಿರು ಕಟ್ಟಿ ನಿಲ್ಲುತ್ತಾಳೆ; ಹಗ್ಗ ಬಿಗಿದು ಅವನು ಕೂತ ಮೇಲೆಯೇ ಬಿಡುವುದು. ನೆಲದ ಮೇಲೆ ತನ್ನ ಚಪ್ಪಲಿಯನ್ನೇ ಎಡವುವವನು ಅಲ್ಲಿ ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗಿದ. ಗರಗಸ ಗುರುಗುಟ್ಟಿತು. ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು, ನಿನ್ನ ಲೈಸೆನ್ಸ್ ಹೋಯಿತು, ಇಳಿದು ಬಾ ಎಂದು ಕೂಗಿದರು. ಮೇಲಿನವನು ಪ್ರಸನ್ನನಾಗಿ ಕೆಳಗೆ ನೋಡುತ್ತಲೇ ಇದ್ದ. ಕೇಳಿಸುವುದಿಲ್ಲ ಎಂದು ಅವರು ಬರೆದುಕೊಂಡರು.

ಆಗ ಅವರ ಫೋನು ಹೊಡೆದುಕೊಂಡಿತು. ಅವರನ್ನು ಇಳಿಸಿ ಡೀಸೆಲ್ ಹಾಕಿಸಲು ಹೋಗಿದ್ದ ಜೀಪಿನ ಡ್ರೈವರು. ಅಗೆದ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ.

"ಹಿಂದಕ್ಕೆ ತಗೊಂಡು ಎಡಕ್ಕೆ ಬಾರಯ್ಯ," ಎಂದರು ಅಧಿಕಾರಿ. ಅವರ ಎಡಗೈ ತಾನೇ ತಾನಾಗಿ ಮೇಲಕ್ಕೆದ್ದಿತು. "ಎಡಕ್ಕೆ. ಆ ಎಡ ಅಲ್ಲ, ಇನ್ನೂ ಎಡ."

ಅವಳು ಆ ಕೈಯನ್ನು ನೋಡಿದಳು, ಮರದ ಮೇಲೆ ನೋಡಿದಳು. ಕೂಗಿದರೆ ಅವನಿಗೆ ಕೇಳಿಸದು, ಈಗಷ್ಟೇ ಅಧಿಕಾರಿಯೇ ಬರೆದುಕೊಂಡಿದ್ದಾರೆ. ತನ್ನ ಕೈಯೂ ಎಲ್ಲಿ ಎದ್ದುಬಿಟ್ಟೀತೋ ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು.

ಹಿತ್ತಾಳೆ ಫಲಕದ ಮರದಿಂದ ಮುಂಗೈ ದಪ್ಪದ ರೆಂಬೆಯೊಂದು ಮೆಲ್ಲಗೆ ಜಾರಿ, ಅಧಿಕಾರಿ ಅಳೆದಿಟ್ಟ ಕೊಂಬೆಯ ಪಕ್ಕದಲ್ಲೇ ಜೋಡಿಸಿಟ್ಟಂತೆ ಬಂದು ಬಿತ್ತು. ಅಧಿಕಾರಿಯ ಬಾಯಿ ತೆರೆದೇ ಇತ್ತು. ಫೋನಿನೊಳಗಿಂದ ಡ್ರೈವರು, ಎಡಕ್ಕೇನಾ ಸಾರ್ ಎಂದು ಕೇಳುತ್ತಿದ್ದ. ಮೇಲೆ ಗರಗಸದ ಸದ್ದು ಮತ್ತೆ ಏರಿತು.

ಮೇಸ್ತ್ರಿ, ಜೇಬಿನಿಂದ ಕೈ ತೆಗೆಯದೆಯೇ, ಎರಡು ಹೆಜ್ಜೆ ಹತ್ತಿರ ಬಂದ.

"ಮೊದಲು ಕೈ ಇಳಿಸಿ ಸಾರ್," ಎಂದ. "ಅವನಿನ್ನೂ ನೋಡ್ತಾ ಇದ್ದಾನೆ."